ಸಂತೆಯ ಸುಂಕ ನಮ್ಮದು, ಸಭೆಯ ಕುರ್ಚಿ ಯಾರದು?



ವಾರಕ್ಕೊಮ್ಮೆ ಸಂತೆಗೆ ಹೋಗುತ್ತೀರಿ. ಬುಟ್ಟಿ ನೆಲಕ್ಕೆ ಇಳಿಸುವ ಮೊದಲೇ ಒಬ್ಬ ಹುಡುಗ ಬಂದು ಕೈ ಒಡ್ಡುತ್ತಾನೆ. ಕೊಟ್ಟು ಕಳಿಸುತ್ತೀರಿ. ಯಾಕೆ ಕೊಟ್ಟೆವು, ಎಷ್ಟು ಕೊಡಬೇಕಿತ್ತು, ಅವನನ್ನು ಅಲ್ಲಿ ನಿಲ್ಲಿಸಿದವರು ಯಾರು ಎಂದು ಒಂದು ವಾರವಾದರೂ ಕೇಳಿದ್ದೀರಾ? ನಾನೂ ಬಹಳ ವರ್ಷ ಕೇಳಿರಲಿಲ್ಲ. ಕೇಳಬೇಕು ಅನ್ನಿಸಿದ್ದು ಒಂದು ಸೊಪ್ಪಿನ ಬುಟ್ಟಿಯಿಂದ.

ಊರಿನ ಹೆಸರು ಬೇಡ, ನಿಮ್ಮದೇ ಊರು ಅಂದುಕೊಳ್ಳಿ. ನಾನು ಈರುಳ್ಳಿ ಚೀಲ ಇಳಿಸಿ ಕುಳಿತಿದ್ದೆ. ಪಕ್ಕದಲ್ಲಿ ನಮ್ಮ ಹಳ್ಳಿಯ ಹೆಣ್ಣುಮಗಳೊಬ್ಬಳು ಮೆಂತ್ಯ, ರಾಜಗಿರಿ ಹರವಿಕೊಂಡು ಕುಳಿತಿದ್ದಳು. ಹುಡುಗ ಬಂದು ಇಪ್ಪತ್ತು ರೂಪಾಯಿ ಕೇಳಿದ.

"ಇನ್ನಾ ಬೋಣಿಗಿನೇ ಆಗಿಲ್ಲಪ್ಪಾ, ಆಮ್ಯಾಲೆ ಕೊಡ್ತೀನಿ" ಅಂದಳು.

"ಬೋಣಿಗಿ ಆಗ್ಲಿ ಬಿಡ್ಲಿ, ಜಾಗ ಹಿಡದೀಯಲ್ಲ, ತೆಗಿ."

"ಹ್ವಾದ ವರ್ಷ ಹತ್ತು ಇತ್ತಲ್ಲೋ?"

"ಈ ವರ್ಷ ಸವಾಲು ಜಾಸ್ತಿಗೆ ಹೋಗೈತವ್ವ. ನಾವೇನು ಮನೀಲಿಂದ ಹಾಕ್ಬೇಕೇನು?"

ನಾನು ನಡುವೆ ಬಾಯಿ ಹಾಕಿ ಚೀಟಿ ಕೇಳಿದೆ. ಅವನು ನನ್ನ ಮುಖ ನೋಡಿ ನಕ್ಕು ಮುಂದಿನ ಬುಟ್ಟಿಗೆ ಹೋದ. ಆಕೆ ತಿರುಗಿ ಬೈದದ್ದು ನನಗೇ: "ನಿನಗ್ಯಾಕ ಬೇಕಿತ್ತಣ್ಣ, ಬರೋ ವಾರ ನನ್ನ ಜಾಗ ಬ್ಯಾರೇರಿಗೆ ಕೊಡ್ತಾನ."

"ಸವಾಲು ಜಾಸ್ತಿಗೆ ಹೋಗೈತಿ" ಎಂದನಲ್ಲ, ಆ ಮಾತು ಹಿಡಿದುಕೊಳ್ಳಿ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನೂ ನಮ್ಮಂಥವರ ಮನೆಯ ಹುಡುಗನೇ, ದಿನಗೂಲಿಗೆ ನಿಂತವನು. ನೋಡಬೇಕಾದದ್ದು ಸವಾಲು ಕೂಗಿಸಿದವರನ್ನು.

ವ್ಯವಸ್ಥೆ ಹೀಗಿದೆ. ಸಂತೆ ಮೈದಾನ ಪಟ್ಟಣ ಪಂಚಾಯಿತಿಯದೋ ಪುರಸಭೆಯದೋ ಆಗಿರುತ್ತದೆ. ಅಲ್ಲಿ ಕುಳಿತು ಮಾರುವವರಿಂದ ನೆಲಬಾಡಿಗೆ ವಸೂಲು ಮಾಡುವ ಹಕ್ಕನ್ನು ಒಂದು ವರ್ಷಕ್ಕೆ ಹರಾಜು ಹಾಕುತ್ತಾರೆ. ಸಾಮಾನ್ಯವಾಗಿ ಮಾರ್ಚ್ ತಿಂಗಳ ಸುಮಾರಿಗೆ ಇದು ನಡೆಯುತ್ತದೆ, ಏಪ್ರಿಲಿನಿಂದ ಹೊಸ ಗುತ್ತಿಗೆದಾರ. ಯಾರು ಹೆಚ್ಚು ಕೂಗುತ್ತಾರೋ ಅವರಿಗೆ ಸಂತೆ. ಮುಂದಿನ ಸಭೆಯಲ್ಲಿ ಅದಕ್ಕೆ ಮಂಜೂರಾತಿ. ಕಳೆದ ಸಾಲಿಗಿಂತ ಇಷ್ಟು ಹೆಚ್ಚು ಆದಾಯ ಬಂದಿದೆ ಎಂದು ಓದುತ್ತಾರೆ, ಸದಸ್ಯರು ಮೇಜು ತಟ್ಟುತ್ತಾರೆ. ಆದಾಯ ಎಲ್ಲಿಂದ ಬಂತು ಸ್ವಾಮಿ? ಗುತ್ತಿಗೆದಾರ ಹೊಲ ಮಾರಿ ತಂದು ಕಟ್ಟಿದನೇ? ಮೆಂತ್ಯದ ಕಟ್ಟಿನಿಂದ ಬಂತು, ಬದನೆಕಾಯಿ ಬುಟ್ಟಿಯಿಂದ ಬಂತು.

ಒಂದು ಲೆಕ್ಕ ಹಾಕೋಣ. ಇದು ಯಾವ ಊರಿನ ಲೆಕ್ಕವೂ ಅಲ್ಲ, ತಿಳಿಯಲಿ ಎಂದು ಹಾಕುವ ಲೆಕ್ಕ. ಒಂದು ಸಂತೆ ವರ್ಷಕ್ಕೆ 5 ಲಕ್ಷಕ್ಕೆ ಹರಾಜಾಯಿತು ಎನ್ನಿ. ವರ್ಷಕ್ಕೆ 52 ಸಂತೆ. ಒಂದೊಂದು ಸಂತೆಗೆ 9,600 ರೂಪಾಯಿಯ ಮೇಲೆ ಎತ್ತಿದರೆ ಅವನು ಕಟ್ಟಿದ ಹಣ ಹುಟ್ಟುತ್ತದೆ. 400 ಮಂದಿ ಮಾರುವವರು ಕೂರುತ್ತಾರೆ ಎನ್ನಿ. ತಲೆಗೆ 24 ರೂಪಾಯಿ. ಹುಡುಗರ ಕೂಲಿ, ಅವನ ಲಾಭ, ಮಳೆ ಬಂದು ಸಂತೆ ಕೆಟ್ಟ ವಾರಗಳ ನಷ್ಟ ಎಲ್ಲ ಸೇರಿಸಿದರೆ 30 ದಾಟಬೇಕು. ಈಗ ಅದೇ ಸಭೆ ಬುಟ್ಟಿಗೆ 10 ರೂಪಾಯಿ ಎಂದು ದರ ಗೊತ್ತು ಮಾಡಿದೆ ಎನ್ನಿ. 10 ರೂಪಾಯಿ ದರ ಇಟ್ಟುಕೊಂಡು 30 ರೂಪಾಯಿ ಹುಟ್ಟಬೇಕಾದ ಸವಾಲಿಗೆ ಮಂಜೂರಾತಿ ಕೊಟ್ಟರೆ ಅದರ ಅರ್ಥವೇನು? ಹೆಚ್ಚಿಗೆ ವಸೂಲು ಮಾಡಿಕೋ, ನಾವು ಕಣ್ಣು ಮುಚ್ಚಿಕೊಂಡಿರುತ್ತೇವೆ ಎಂದೇ ಅರ್ಥ. ಇದಕ್ಕೆ ಲಂಚ ಬೇಕಿಲ್ಲ, ಮೋಸ ಬೇಕಿಲ್ಲ. ನಾಲ್ಕನೇ ತರಗತಿಯ ಭಾಗಾಕಾರ ಸಾಕು. ಸಭೆಯಲ್ಲಿ ಕುಳಿತವರಿಗೆ ಭಾಗಾಕಾರ ಬರುವುದಿಲ್ಲವೇ? ಬರುತ್ತದೆ. ಸಭೆಯಲ್ಲಿ ಅದನ್ನು ಮಾಡಿ ತೋರಿಸಿ ಎಂದು ಕೇಳುವವರಿಲ್ಲ, ಅಷ್ಟೇ.

ವಾರಕ್ಕೆ 20 ರೂಪಾಯಿ ಯಾವ ಲೆಕ್ಕ ಎಂದು ಪಟ್ಟಣದವರು ಕೇಳಬಹುದು. ಆ ಹೆಣ್ಣುಮಗಳಿಗೆ ಅದು ವರ್ಷಕ್ಕೆ 1,040 ರೂಪಾಯಿ. ಬಸ್ಸಿನಲ್ಲಿ ಬುಟ್ಟಿಯ ಲಗೇಜು ಬೇರೆ, ಉಳಿದ ಸೊಪ್ಪು ಸಾಯಂಕಾಲ ಅರ್ಧ ರೇಟಿಗೆ ಸುರಿದು ಬರುವುದು ಬೇರೆ. ಸಂತೆ ದಿನದ ಸಾಯಂಕಾಲಕ್ಕೇ ಸಂಘದ ವಾರದ ಕಂತು ಕಾದಿರುತ್ತದೆ. ಕಂತು ವಸೂಲಿಯ ದಬ್ಬಾಳಿಕೆ ಎಲ್ಲಿಗೆ ಮುಟ್ಟಿತ್ತೆಂದರೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಕಿರುಸಾಲಗಾರರ ರಕ್ಷಣೆಗೆ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಸಾಲ ಕೊಟ್ಟವನ ದಬ್ಬಾಳಿಕೆಗೆ ಸುಗ್ರೀವಾಜ್ಞೆ ಬಂತು. ಸಾಲ ತೀರಿಸಲೆಂದು ಹೊತ್ತು ತಂದ ಬುಟ್ಟಿಯ ಮೇಲಿನ ದಬ್ಬಾಳಿಕೆಗೆ ಒಂದು ದರಪಟ್ಟಿ ಬೋರ್ಡೂ ಬರಲಿಲ್ಲ.

ಇದನ್ನೇ ಪಕ್ಕದ ಎ.ಪಿ.ಎಂ.ಸಿ. ಜೊತೆ ಹೋಲಿಸಿ ನೋಡಿ. ಕೊಟ್ಟೂರಿನ ಪ್ರಾಂಗಣಕ್ಕೆ ಶೇಂಗಾವನ್ನೋ ಮೆಕ್ಕೆಜೋಳವನ್ನೋ ಒಯ್ಯುತ್ತೀರಿ. ಅಲ್ಲಿ ಮಾರುಕಟ್ಟೆ ಶುಲ್ಕ ಕಟ್ಟಬೇಕಾದವನು ಕೊಳ್ಳುವ ವ್ಯಾಪಾರಿ. 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆ ಹಾಗೆ ಹೇಳುತ್ತದೆ. ಎ.ಪಿ.ಎಂ.ಸಿ. ಏನು ಸ್ವರ್ಗ ಎಂದು ನಾನು ಹೇಳುತ್ತಿಲ್ಲ. ತೂಕದಲ್ಲಿ ಹೊಡೆಯುವುದು, ಸ್ಯಾಂಪಲ್ ಹೆಸರಲ್ಲಿ ಬಾಚುವುದು, ಬಿಳಿ ಚೀಟಿ ಕೊಡುವುದು ಎಲ್ಲ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಅಲ್ಲಿ ಒಂದು ಹಿಡಿಕೆ ಇದೆ. ಆ ಸಮಿತಿಗೆ ರೈತರು ಮತ ಹಾಕಿ ರೈತ ಸದಸ್ಯರನ್ನು ಕಳಿಸುತ್ತಾರೆ. ಕೆಟ್ಟು ನಡೆದರೆ ಕೊರಳ ಪಟ್ಟಿ ಹಿಡಿದು ಕೇಳಲು ಒಬ್ಬ ಸಿಗುತ್ತಾನೆ. ಅದೇ ರೈತ, ಅದೇ ಊರು, ಒಂದು ಫರ್ಲಾಂಗ್ ಆಚೆ ಸಂತೆ ಮೈದಾನಕ್ಕೆ ಬಂದರೆ ಶುಲ್ಕ ಕೊಡುವವನು ಮಾರುವವನು, ಮತ ಇಲ್ಲದವನೂ ಅವನೇ.

ಪಟ್ಟಣದ ಸುಂಕ ಹಳ್ಳಿಯ ತಲೆಯ ಮೇಲೆ ಕೂರುವುದು ಹಳೆಯ ಕಥೆ. ಹಿರಿಯರಿಗೆ ಆಕ್ಟ್ರಾಯ್ ನೆನಪಿರಬೇಕು. ಊರ ಬಾಗಿಲಲ್ಲಿ ಗಾಡಿ ನಿಲ್ಲಿಸಿ ಒಳಗೆ ಬರುವ ಸರಕಿಗೆಲ್ಲ ಸುಂಕ ಎತ್ತುವ ನಾಕಾ. ಅದನ್ನು 1979ರಲ್ಲಿ ಕರ್ನಾಟಕದಲ್ಲಿ ರದ್ದು ಮಾಡಿದರು. ವ್ಯಾಪಾರಿಗಳು ಕೂಗಾಡಿದ್ದರಿಂದ ರದ್ದಾಯಿತು, ಲಾರಿಯವರು ಕೂಗಾಡಿದ್ದರಿಂದ ರದ್ದಾಯಿತು. ಸಂತೆ ಸುಂಕದ ವಿರುದ್ಧ ಕೂಗುವವರು ಯಾರು? ಬುಟ್ಟಿ ಹೊತ್ತವಳಿಗೆ ಸಾಯಂಕಾಲದ ಬಸ್ಸು ತಪ್ಪುವ ಭಯ.

ಕೂಡ್ಲಿಗಿಯಲ್ಲಿ ಗಾಂಧೀಜಿಯ ಚಿತಾಭಸ್ಮ ಇಟ್ಟ ಸ್ಮಾರಕವಿದೆ. ಜನವರಿ 30ಕ್ಕೆ, ಅಕ್ಟೋಬರ್ 2ಕ್ಕೆ ಅಲ್ಲಿ ಹಾರ ಹಾಕಲು ಎಲ್ಲರೂ ಬರುತ್ತಾರೆ. 1930ರಲ್ಲಿ ಆ ಅಜ್ಜ ಕಡಲ ತನಕ ನಡೆದದ್ದು ಒಂದು ಹಿಡಿ ಉಪ್ಪಿನ ಮೇಲಿನ ಕರಕ್ಕಾಗಿ. ದೊಡ್ಡ ಮೊತ್ತವೆಂದು ನಡೆದರೇ? ಬಡವನ ಮೇಲೆ, ಅವನನ್ನು ಕೇಳದೆ ಹಾಕಿದ್ದು ಎಂದು ನಡೆದರು. ಹಾರ ಹಾಕುವ ಮಹಾಶಯರಿಗೆ ಸಂತೆಯ ದಾರಿ ಅಲ್ಲಿಂದ ದೂರವಿಲ್ಲ.

ಈಗ ಸಭೆಯೊಳಗೆ ಬನ್ನಿ.

1964ರ ಪುರಸಭೆಗಳ ಕಾಯ್ದೆಯ ಕೆಳಗೆ ತಿಂಗಳಿಗೊಂದು ಸಾಮಾನ್ಯ ಸಭೆ ಆಗಬೇಕು. ಅಜೆಂಡಾ ಎಂಬ ಕಾಗದವನ್ನು ಒಮ್ಮೆ ಕೈಗೆ ತೆಗೆದುಕೊಂಡು ಓದಿ, ಯಾವ ಊರಿನದಾದರೂ ಸರಿ, ರಾಗ ಒಂದೇ. ಮೊದಲನೆಯದು, ಹಿಂದಿನ ಸಭೆಯ ನಡವಳಿ ಓದಿ ದೃಢೀಕರಿಸುವುದು. ಓದುವುದಿಲ್ಲ, ದೃಢೀಕರಿಸುತ್ತಾರೆ. ಎರಡನೆಯದು ಜಮಾ-ಖರ್ಚು. ಆಮೇಲೆ ಬೀದಿ ದೀಪದ ಬಲ್ಬು, ಬ್ಲೀಚಿಂಗ್ ಪೌಡರು, ಕೊಳವೆಬಾವಿಯ ಮೋಟಾರ್ ರಿಪೇರಿ. ನಡುನಡುವೆ ಒಂದು ಸುಂದರವಾದ ಮಾತು ಬರುತ್ತದೆ: ಘಟನೋತ್ತರ ಮಂಜೂರಾತಿ. ಅಂದರೆ ಕೆಲಸ ಆಗಿದೆ, ದುಡ್ಡೂ ಹೋಗಿದೆ, ಈಗ ಒಪ್ಪಿಗೆ ಕೊಡಿ. ಮದುವೆ ಆಗಿ ಮಗು ಹುಟ್ಟಿದ ಮೇಲೆ ಹೆಣ್ಣು ನೋಡಲು ಹೋದ ಹಾಗೆ. ಕೊನೆಯ ಸಾಲು: ಅಧ್ಯಕ್ಷರ ಅನುಮತಿ ಮೇರೆಗೆ ಇತರೆ ವಿಷಯಗಳು. ಬಂಧುಗಳೇ, ಅಜೆಂಡಾ ಪೂರ್ತಿ ಓದಲು ಪುರುಸೊತ್ತಿಲ್ಲದಿದ್ದರೆ ಬಿಡಿ, ಈ ಕೊನೆಯ ಸಾಲಿನ ಹಿಂದೆ ಬೀಳಿ. ಅಜೆಂಡಾದಲ್ಲಿ ಬರೆದು ಮೊದಲೇ ಎಲ್ಲರಿಗೂ ತಿಳಿಸಲು ಮನಸ್ಸಿಲ್ಲದ್ದು ಈ ಸಾಲಿನ ಬಾಗಿಲಿನಿಂದ ಒಳಗೆ ಬರುತ್ತದೆ. ಮಿರ್ಚಿ-ಮಂಡಕ್ಕಿ ಬರುವ ಹೊತ್ತಿಗೆ ಮಾತು ಮುಗಿದಿರುತ್ತದೆ, ನಡವಳಿ ಪುಸ್ತಕದಲ್ಲಿ "ಸಭೆಯು ಸರ್ವಾನುಮತದಿಂದ ತೀರ್ಮಾನಿಸಿತು" ಎಂದು ಬೀಳುತ್ತದೆ.

ಸದಸ್ಯರೆಲ್ಲ ಕೆಟ್ಟವರು ಎಂದು ನಾನು ಹೇಳಿದರೆ ಅದು ಸುಳ್ಳಾಗುತ್ತದೆ. ಬಹಳ ಮಂದಿ ಒಕ್ಕಲು ಮಕ್ಕಳೇ. ಅವರ ಕಷ್ಟ ಬೇರೆ ತರಹದ್ದು. ವಾರ್ಡಿನ ಚರಂಡಿ ಕಟ್ಟಿಕೊಂಡರೆ ವಾರ್ಡಿನವರು ಮನೆಗೆ ಬಂದು ಬೈಯುತ್ತಾರೆ. ನಲ್ಲಿ ನಿಂತರೆ ಕೊಡ ತಂದು ಬಾಗಿಲಲ್ಲಿ ಇಡುತ್ತಾರೆ. ಅದಕ್ಕೆ ಅವರು ಹೆದರುತ್ತಾರೆ, ಹೆದರಬೇಕು ಕೂಡ. ಹೊರಗಿನ ಹಳ್ಳಿಯಿಂದ ಬುಟ್ಟಿ ತಂದವಳು ಯಾರ ಬಾಗಿಲಿಗೆ ಹೋಗಬೇಕು? ಅವಳ ಮತ ಇರುವುದು ಅವಳ ಗ್ರಾಮ ಪಂಚಾಯಿತಿಯಲ್ಲಿ. ಯಾವ ವಾರ್ಡಿನ ಸದಸ್ಯನಿಗೂ ಅವಳು ಬೇಕಿಲ್ಲ. ಹಾಗಾಗಿ ಪಟ್ಟಣಕ್ಕೆ ಹಣ ಬೇಕಾದಾಗ ಮನೆಗಂದಾಯ ಏರಿಸುವುದು ಕಷ್ಟ, ಅಂಗಡಿ ಮಳಿಗೆ ಬಾಡಿಗೆ ಏರಿಸುವುದು ಇನ್ನೂ ಕಷ್ಟ, ಸಂತೆ ಸವಾಲು ಏರಿಸುವುದು ಸಲೀಸು. ಮತವಿಲ್ಲದವರ ಮೇಲೆ ಭಾರ ಹಾಕಿದರೆ ಯಾರೂ ಸೋಲುವುದಿಲ್ಲ.

ಇನ್ನೊಂದು ತಮಾಷೆ ಕೇಳಿ. ಅಧ್ಯಕ್ಷ, ಉಪಾಧ್ಯಕ್ಷರ ಚುನಾವಣೆಯಲ್ಲಿ ಆ ಕ್ಷೇತ್ರದ ಶಾಸಕರಿಗೂ ಸಂಸದರಿಗೂ ಒಂದೊಂದು ಮತವಿದೆ. ದಿಲ್ಲಿಯಲ್ಲಿ ಕೂರುವ ಸಂಸದರು ಆ ಊರಿನ ಸಭೆಯಲ್ಲಿ ಕೈ ಎತ್ತಬಹುದು. ಆ ಊರಿಗೆ ವಾರವಾರ ಸೊಪ್ಪು, ಕಾಯಿಪಲ್ಯ, ಮಲ್ಲಿಗೆ ತಂದು ಹಾಕುವವರು ಬಾಗಿಲ ಹೊರಗೆ ಚಪ್ಪಲಿ ಕಾಯಬೇಕು. ಹಡಗಲಿ ಮಲ್ಲಿಗೆಗೆ ಭೌಗೋಳಿಕ ಗುರುತು ಸಿಕ್ಕಿತು, ಸಂತೋಷ. ಮಲ್ಲಿಗೆ ಬಿಡಿಸಿ ಮೊಳ ಹಾಕಿ ಮಾರುವವಳಿಗೆ ಸಭೆಯಲ್ಲಿ ಗುರುತು ಯಾವಾಗ ಸಿಗುತ್ತದೆ?

ಸಭೆಯೇ ಇಲ್ಲದ ಕಾಲವನ್ನೂ ನೋಡಿದ್ದೇವೆ. 2018ರ ಆಗಸ್ಟ್ ಕೊನೆಯಲ್ಲಿ ರಾಜ್ಯದ ನೂರಕ್ಕೂ ಹೆಚ್ಚು ನಗರ, ಪಟ್ಟಣಗಳಲ್ಲಿ ಚುನಾವಣೆ ನಡೆಯಿತು. ಮತ ಎಣಿಸಿದರು, ಗೆದ್ದವರು ಗುಲಾಲು ಎರಚಿಕೊಂಡರು. ಅಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ಕೋರ್ಟು ಹತ್ತಿತು. ಅಧ್ಯಕ್ಷರು ಕುರ್ಚಿ ಕಂಡದ್ದು 2020ರ ಕೊನೆಗೆ. ಅಲ್ಲಿಯವರೆಗೆ ಗೆದ್ದವರು ಹೆಸರಿಗೆ ಸದಸ್ಯರು, ಆಡಳಿತಾಧಿಕಾರಿಯದೇ ಆಡಳಿತ. ಅಧ್ಯಕ್ಷರ ಒಂದು ಅವಧಿ 30 ತಿಂಗಳು. ಅದು 2023ರಲ್ಲಿ ಮುಗಿಯಿತು. ಎರಡನೇ ಅವಧಿಯ ಮೀಸಲಾತಿ ಪಟ್ಟಿ ಹೊರಬಿದ್ದದ್ದು 2024ರ ಆಗಸ್ಟಿನಲ್ಲಿ. ಮತ್ತೆ ಒಂದು ವರ್ಷದ ಮೇಲೆ ಆಡಳಿತಾಧಿಕಾರಿ. ಐದು ವರ್ಷಕ್ಕೊಮ್ಮೆ ಚುನಾವಣೆ ಆಗಲೇಬೇಕು, ಊರು ಊರನ್ನು ಆಳಿಕೊಳ್ಳಬೇಕು ಎಂದು 1993ರಲ್ಲಿ ಜಾರಿಗೆ ಬಂದ 74ನೇ ತಿದ್ದುಪಡಿಯಲ್ಲಿ ಬರೆದುಕೊಂಡಿದ್ದೇವೆ. ಬರೆದುಕೊಂಡದ್ದಷ್ಟೇ. ಆ ವರ್ಷಗಳಲ್ಲಿ ಕೊರೊನಾ ಬಂದ್ ಬಿಟ್ಟರೆ ಸಂತೆಯ ಹುಡುಗ ಒಂದು ವಾರವಾದರೂ ರಜೆ ಹಾಕಿದ್ದನ್ನು ಕಂಡಿರಾ? ಅಧ್ಯಕ್ಷರಿಲ್ಲದೆ ಬೀದಿ ದೀಪ ನಿಲ್ಲುತ್ತದೆ, ಮನೆ ಮಂಜೂರಾತಿ ನಿಲ್ಲುತ್ತದೆ, ಸುಂಕ ನಿಲ್ಲುವುದಿಲ್ಲ.

ಮೇಲಿನವರು ನಮ್ಮನ್ನು ಕೇಳದೆ ತೀರ್ಮಾನಿಸುವುದು ಈ ಸೀಮೆಗೆ ಹೊಸದಲ್ಲ ಬಿಡಿ. ಹರಪನಹಳ್ಳಿಯನ್ನೇ ನೋಡಿ. 1997ರಲ್ಲಿ ಬಳ್ಳಾರಿಯಿಂದ ತೆಗೆದು ದಾವಣಗೆರೆಗೆ ಹಾಕಿದರು. 2018ರಲ್ಲಿ, ಅದೂ 371(ಜೆ) ಸವಲತ್ತಿಗೆಂದು ಜನ ವರ್ಷಗಟ್ಟಲೆ ಹೋರಾಡಿದ ಮೇಲೆ, ತಿರುಗಿ ಬಳ್ಳಾರಿಗೆ ಬಂತು. 2021ರಲ್ಲಿ ವಿಜಯನಗರ ಜಿಲ್ಲೆ. ಕುಂತಲ್ಲೇ ಕುಂತು ಮೂರು ಜಿಲ್ಲೆ ಕಂಡ ಊರು. ಪಹಣಿಯ ತಲೆಬರಹ ಮೂರು ಸಲ ಬದಲಾಯಿತು, ಪಹಣಿಯ ಮೇಲಿನ ಸಾಲ ಹಾಗೇ ಉಳಿಯಿತು.

ಈಗ ಇದಕ್ಕಿಂತ ದೊಡ್ಡ ಮಾತಿಗೆ ಬರುತ್ತೇನೆ. ಸಂತೆಗೆ ಬರುವವನ ಗತಿ ಇದಾದರೆ, ಪಟ್ಟಣವೇ ಹೊಲದ ತನಕ ನಡೆದು ಬಂದಾಗ ರೈತನ ಗತಿ ಏನು?

ನಮ್ಮ ಈ ಐದು ಊರುಗಳು ಬೆಳೆಯುತ್ತಿವೆ. ಕೊಟ್ಟೂರು 2017ರಲ್ಲಿ ಘೋಷಿಸಿದ ಹೊಸ ತಾಲ್ಲೂಕುಗಳಲ್ಲಿ ಒಂದು. ತಾಲ್ಲೂಕು ಕಚೇರಿ ಬಂದರೆ ಲೇಔಟು ಬರುತ್ತದೆ, ಲೇಔಟು ಬಂದರೆ ಊರ ಗಡಿ ಸರಿಯುತ್ತದೆ. ಹಗರಿಬೊಮ್ಮನಹಳ್ಳಿ ಸೀಮೆಯ ಎಷ್ಟೋ ಹಳ್ಳಿಯವರು ತುಂಗಭದ್ರೆಯ ಹಿನ್ನೀರಿಗೆ ಊರು ಬಿಟ್ಟುಕೊಟ್ಟು ಮೇಲೆ ಬಂದು ನೆಲೆ ನಿಂತವರು. ಒಂದು ಸಲ ನೀರಿಗೆ ಮುಳುಗಿದವರು ಇನ್ನೊಂದು ಸಲ ಪುರಸಭೆಯ ನಕ್ಷೆಯಲ್ಲಿ ಮುಳುಗಬೇಕೇ?

ಕಾಯ್ದೆ ಏನು ಹೇಳುತ್ತದೆ? 10 ಸಾವಿರದಿಂದ 20 ಸಾವಿರ ಜನವಿದ್ದರೆ ಪಟ್ಟಣ ಪಂಚಾಯಿತಿ, 20ರಿಂದ 50 ಸಾವಿರವಿದ್ದರೆ ಪುರಸಭೆ. ಜೊತೆಗೆ ದುಡಿಯುವವರಲ್ಲಿ ಅರ್ಧದಷ್ಟಾದರೂ ಒಕ್ಕಲುತನ ಬಿಟ್ಟು ಬೇರೆ ಕಸುಬಿನಲ್ಲಿರಬೇಕು. ಈ ಎರಡನೆಯ ಮಾತು ಯಾರ ಬಾಯಲ್ಲೂ ಬರುವುದಿಲ್ಲ. ಬೆಳಿಗ್ಗೆ ಕುಂಟೆ ಹೊಡೆದು ಸಾಯಂಕಾಲ ಗಾರೆ ಕೆಲಸಕ್ಕೆ ಹೋಗುವವನನ್ನು ಯಾವ ಕಡೆ ಬರೆದುಕೊಳ್ಳುತ್ತೀರಿ? ಸುತ್ತಲಿನ ಹಳ್ಳಿ ಸೇರಿಸಿ ಊರನ್ನು ಮೇಲ್ದರ್ಜೆಗೆ ಏರಿಸಿದರು ಎಂದು ಪಟಾಕಿ ಹೊಡೆಯುತ್ತಾರೆ. ಏರಿದ್ದು ಯಾರು, ಇಳಿದದ್ದು ಯಾರು ನೋಡಿ.

ಮೊದಲು ಹೋಗುವುದು ಕೂಲಿ. 2005ರ ಉದ್ಯೋಗ ಖಾತ್ರಿ ಕಾಯ್ದೆ ಗ್ರಾಮೀಣ ಪ್ರದೇಶಕ್ಕೆ ಮಾತ್ರ ಬಂದದ್ದು. ಹಳ್ಳಿ ಪಟ್ಟಣವಾದ ದಿನ ಆ ಹಳ್ಳಿಯ ಜಾಬ್ ಕಾರ್ಡಿಗೆ ಬೆಲೆ ಇಲ್ಲ. 2025ರ ಕೊನೆಯಲ್ಲಿ ಅದರ ಜಾಗಕ್ಕೆ ಹೊಸ ಕಾಯ್ದೆ ಪಾಸು ಮಾಡಿದರು, ಅದರ ಹೆಸರಿನಲ್ಲೂ ಗ್ರಾಮೀಣ ಎಂಬ ಮಾತೇ ಇದೆ. ಮಳೆ ಕೈಕೊಟ್ಟ ವರ್ಷ ಈ ಸೀಮೆಯವರು ಮೂಟೆ ಕಟ್ಟಿ ಬೆಂಗಳೂರು, ಮಂಡ್ಯ, ಮಲೆನಾಡಿನ ಕಡೆ ಗುಳೆ ಹೋಗುವುದು ಯಾರಿಗೆ ಗೊತ್ತಿಲ್ಲ? ಬದು ಹಾಕುವ ಕೂಲಿ, ಕೆರೆ ಹೂಳಿನ ಕೂಲಿ ಕೆಲವರನ್ನಾದರೂ ಊರಲ್ಲಿ ಹಿಡಿದಿಡುತ್ತಿತ್ತು. ಮೇಲ್ದರ್ಜೆಗೆ ಏರಿದ ಊರಿನ ಕೂಲಿಯವನಿಗೆ ಮೊದಲ ಬಹುಮಾನ ಗುಳೆಯ ಬಸ್ಸು.

ಎರಡನೆಯದಾಗಿ ಹೋಗುವುದು ಮಾತು. ಇದು ಕೂಲಿಗಿಂತ ದೊಡ್ಡ ನಷ್ಟ ಎಂದು ನಾನು ಹೇಳುತ್ತೇನೆ. ಹಳ್ಳಿಯಲ್ಲಿ ಗ್ರಾಮಸಭೆ ಇದೆ. 1993ರ ಪಂಚಾಯತ್ ರಾಜ್ ಕಾಯ್ದೆಯ ಕೆಳಗೆ ಆರು ತಿಂಗಳಿಗೊಮ್ಮೆಯಾದರೂ ಅದು ಸೇರಬೇಕು. ಮತದಾರರ ಪಟ್ಟಿಯಲ್ಲಿ ಹೆಸರಿರುವ ಯಾರು ಬೇಕಾದರೂ ಎದ್ದು ನಿಂತು ಕೇಳಬಹುದು. ನಮ್ಮ ಗ್ರಾಮಸಭೆಗಳು ಹೇಗೆ ನಡೆಯುತ್ತವೆ ಎಂದು ನನಗೂ ಗೊತ್ತು. ಕಟ್ಟೆಯ ಮೇಲೆ ಹತ್ತು ಜನ, ರಿಜಿಸ್ಟರಿನಲ್ಲಿ ನೂರು ಸಹಿ. ಆದರೂ ಆ ಹಕ್ಕು ಕಾಗದದಲ್ಲಾದರೂ ಇದೆ, ಜೋರು ಮಾಡಿದರೆ ನಡೆಸಲೇಬೇಕು. 1987ರಲ್ಲಿ ಮಂಡಲ ಪಂಚಾಯಿತಿಗಳು ಬಂದಾಗ, ನಜೀರ್ ಸಾಬರ ಕಾಲದಲ್ಲಿ, ಊರವರು ಲೆಕ್ಕ ಕೇಳುವುದನ್ನು ಕಲಿತರು. ಪಟ್ಟಣಕ್ಕೆ ಬಂದರೆ ಅದಕ್ಕೆ ಸಮನಾದ ಸಭೆ ಎಲ್ಲಿದೆ? ವಾರ್ಡು ಸಮಿತಿ ಕಡ್ಡಾಯವೆಂದು ಸಂವಿಧಾನ ಹೇಳುವುದು 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ಊರಿಗೆ. 2011ರ ಜನಗಣತಿಯಲ್ಲಿ ನಮ್ಮ ಐದು ಊರುಗಳಲ್ಲಿ ಒಂದೂ 50 ಸಾವಿರ ಮುಟ್ಟಿರಲಿಲ್ಲ. ಅಂದರೆ ಹಳ್ಳಿಯಾಗಿದ್ದರೆ ಗ್ರಾಮಸಭೆ, ಮಹಾನಗರವಾಗಿದ್ದರೆ ವಾರ್ಡು ಸಮಿತಿ, ನಡುವಿನ ಸಣ್ಣ ಪಟ್ಟಣವಾಗಿದ್ದರೆ ಬಾಯಿ ಮುಚ್ಚಿಕೊಂಡಿರು. ಹೊಲ ಮೊದಲಿನ ಜಾಗದಲ್ಲೇ ಇರುತ್ತದೆ, ಎತ್ತು ಅದೇ, ಸೊಸೈಟಿಯ ಸಾಲವೂ ಅದೇ. ಹೊಲದ ಒಡೆಯನಿಗೆ ಮಾತ್ರ ಸಭೆ ಇಲ್ಲ.

ಇದಕ್ಕೆ ಬರುವ ಉತ್ತರ ನನಗೆ ಗೊತ್ತು. ಪಟ್ಟಣಕ್ಕೆ ಖರ್ಚಿಲ್ಲವೇ? ಸಂತೆ ಮುಗಿದ ಮೇಲೆ ಕೊಳೆತ ಟೊಮೇಟೊ, ಕೋಸಿನ ಎಲೆ ಬಳಿಯುವವರು ಯಾರು? ಪೌರಕಾರ್ಮಿಕರಿಗೆ ಸಂಬಳ ಕೊಡಬೇಡವೇ? ಕೊಡಬೇಕು. ನಾವು ಸುಂಕವೇ ಬೇಡ ಎನ್ನುವವರಲ್ಲ. ಬಳಿಯುವ ಆ ತಾಯಂದಿರಿಗೆ ಕೈಗವಸು, ಬೂಟು, ಹೊತ್ತಿಗೆ ಸರಿಯಾಗಿ ಸಂಬಳ ಕೊಡಿ, ನಮ್ಮ ಬುಟ್ಟಿಯಿಂದ ಅದಕ್ಕೆ ಸಲ್ಲಬೇಕಾದ್ದನ್ನು ತೆಗೆದುಕೊಳ್ಳಿ. ನಾವು ಕೇಳುವುದು ಇಷ್ಟೇ. ಸಂತೆಯಿಂದ ಬಂದ ಹಣ ಎಷ್ಟು, ಸಂತೆಗೆ ಖರ್ಚಾದದ್ದು ಎಷ್ಟು, ಎರಡೂ ಅಂಕಿ ಪಕ್ಕಪಕ್ಕ ಬರೆದು ತೋರಿಸಿ. ಹೆಣ್ಣುಮಕ್ಕಳಿಗೆ ಒಂದು ಪಾಯಖಾನೆ ಇಲ್ಲ, ಇದ್ದರೆ ಬೀಗ. ಕುಡಿಯುವ ನೀರಿಲ್ಲ. ಮಳೆ ಬಂದರೆ ಕೆಸರು, ಬಿಸಿಲಿಗೆ ತಲೆ ಮೇಲೆ ಟವೆಲ್ಲು. ನೆಲಬಾಡಿಗೆ ಎನ್ನುತ್ತೀರಲ್ಲ, ಬಾಡಿಗೆ ಕೊಟ್ಟವರಿಗೆ ಸಿಕ್ಕ ನೆಲ ಎಂಥದು ಒಮ್ಮೆ ಬಂದು ಕುಳಿತು ನೋಡಿ.

ಮತ್ತೆ ಒಬ್ಬರು ಹೇಳಿದರು: "ರೈತ ಸಂತೆಗೆ ಬಂದರೆ ಬೀದಿಬದಿ ವ್ಯಾಪಾರಿ ಆದ ಹಾಗೆ, ಅದಕ್ಕೊಂದು ಕಾಯ್ದೆ ಇದೆ." ಇದೆ. 2014ರ ಕೇಂದ್ರದ ಕಾಯ್ದೆ. ಪಟ್ಟಣ ವ್ಯಾಪಾರ ಸಮಿತಿ ರಚಿಸಬೇಕು, ಅದರಲ್ಲಿ ನೂರಕ್ಕೆ 40ಕ್ಕೆ ಕಡಿಮೆ ಇಲ್ಲದಂತೆ ವ್ಯಾಪಾರ ಮಾಡುವವರೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಣ್ಣುಮಕ್ಕಳಿರಬೇಕು ಎಂದು ಅದರಲ್ಲೇ ಇದೆ. ನಿಮ್ಮ ಊರಿನಲ್ಲಿ ಆ ಸಮಿತಿಯ ಸದಸ್ಯರು ಯಾರು, ಅವರಲ್ಲಿ ಸಂತೆಯಲ್ಲಿ ಕೂರುವವರು ಎಷ್ಟು ಮಂದಿ, ಕೇಳಿ ತಿಳಿದುಕೊಳ್ಳಿ.

ಕೇಳುವುದು ಹೇಗೆ? 1980ರ ದಶಕದಲ್ಲಿ ನಮ್ಮ ಹಳ್ಳಿಗಳ ಬಾಗಿಲಲ್ಲಿ ಬೋರ್ಡು ಹಾಕಿದ್ದೆವು: ಸಾಲ ವಸೂಲಿಯ ಅಧಿಕಾರಿಗಳು ಊರವರ ಅನುಮತಿ ಇಲ್ಲದೆ ಒಳಗೆ ಬರಬಾರದು. ಅದು ಹೊರಗಿನವರನ್ನು ತಡೆಯುವ ಬೋರ್ಡು. ಈಗ ನಾವೇ ಹೋಗಿ ಕೂರಬೇಕಾದ ಜಾಗ ಬಂದಿದೆ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮು ನೋಡಿ. ಸಭೆಗಳು ಸಾರ್ವಜನಿಕರಿಗೆ ತೆರೆದಿವೆಯೇ, ನಡವಳಿ ಜನರಿಗೆ ನೋಡಲು ಸಿಗುತ್ತದೆಯೇ ಎಂಬುದನ್ನು ಕಚೇರಿಗಳು ತಾವಾಗಿಯೇ ಪ್ರಕಟಿಸಬೇಕು. ಪ್ರಕಟಿಸಿಲ್ಲವೆಂದರೆ 10 ರೂಪಾಯಿಯ ಪೋಸ್ಟಲ್ ಆರ್ಡರ್ ಹಚ್ಚಿ ಅರ್ಜಿ ಹಾಕಿ. ಬುಟ್ಟಿಗೆ ಒಂದು ವಾರ ಕೊಡುವುದರಲ್ಲಿ ಅರ್ಧ. ಕೇಳಬೇಕಾದ ಕಾಗದ ಮೂರು: ಈ ಸಾಲಿನ ಸಂತೆ ಹರಾಜಿನ ಷರತ್ತುಗಳು, ಸಭೆ ಒಪ್ಪಿದ ದರಪಟ್ಟಿ, ಅದನ್ನು ಒಪ್ಪಿದ ಸಭೆಯ ನಡವಳಿ. ದರಪಟ್ಟಿ ಕೈಗೆ ಬಂದರೆ ಸಂತೆಯಲ್ಲಿ ಚೀಟಿ ಕೇಳುವಾಗ ಹುಡುಗ ನಗುವುದಿಲ್ಲ. ತಪ್ಪು ನಿರ್ಣಯವನ್ನು ತಡೆಹಿಡಿಯುವ ಅಧಿಕಾರ ಜಿಲ್ಲಾಧಿಕಾರಿಗಳಿಗೆ ಪುರಸಭೆ ಕಾಯ್ದೆಯಲ್ಲೇ ಇದೆ. ಅವರ ಮುಂದೆ ಇಡಲು ಕಾಗದ ಬೇಕು, ಗೊಣಗಾಟ ಸಾಲದು. ನಿಮ್ಮ ಹಳ್ಳಿಯನ್ನು ಪಟ್ಟಣಕ್ಕೆ ಸೇರಿಸುವ ಕರಡು ಅಧಿಸೂಚನೆ ಬಂದರೆ ಆಕ್ಷೇಪಣೆ ಕರೆಯಲೇಬೇಕು. ಆ ಹೊತ್ತಿಗೆ ಗ್ರಾಮಸಭೆ ಸೇರಿಸಿ ನಿರ್ಣಯ ಬರೆಸಿ ಕಳಿಸಿ. ಒಬ್ಬೊಬ್ಬರೇ ಹೋದರೆ ಅರ್ಜಿ ಕಸದ ಬುಟ್ಟಿ ಸೇರುತ್ತದೆ, ಒಂದು ಟ್ರ್ಯಾಕ್ಟರ್ ತುಂಬ ಹೋದರೆ ಮುಖ್ಯಾಧಿಕಾರಿಗಳು ಕುರ್ಚಿ ಹಾಕಿಸುತ್ತಾರೆ.

ಬೇಡಿಕೆ ಬಹಳ ಸಣ್ಣದು. ಸಂತೆಯ ದರ ಗೊತ್ತು ಮಾಡುವ ಸಭೆಗೆ ಮೊದಲು ಸಂತೆ ಮೈದಾನದಲ್ಲೇ, ಸಂತೆಯ ದಿನವೇ, ಮಾರುವವರನ್ನು ಸೇರಿಸಿ ಒಂದು ಸಭೆ ಮಾಡಿ. ದರಪಟ್ಟಿಯನ್ನು ನಾಲ್ಕೂ ಬಾಗಿಲಲ್ಲಿ ದೊಡ್ಡಕ್ಷರದಲ್ಲಿ ಬರೆಸಿ. ಸವಾಲಿನ ಮೊತ್ತವನ್ನು ವರ್ಷದ ಸಂತೆಗಳ ಸಂಖ್ಯೆಯಿಂದಲೂ ಮಾರುವವರ ಸಂಖ್ಯೆಯಿಂದಲೂ ಭಾಗಿಸಿ, ಬಂದ ಉತ್ತರ ದರಕ್ಕಿಂತ ಹೆಚ್ಚಿದ್ದರೆ ಆ ಸವಾಲನ್ನು ಒಪ್ಪಬೇಡಿ. ತನ್ನ ಹೊಲದ್ದನ್ನು ತಾನೇ ಹೊತ್ತು ತಂದ ತಲೆಹೊರೆ ಬುಟ್ಟಿಗೆ ಸುಂಕ ಬೇಡವೇ ಬೇಡ.

ಆ ಸೊಪ್ಪಿನ ಹೆಣ್ಣುಮಗಳಿಗೆ ಇದನ್ನೆಲ್ಲ ಹೇಳಿದೆ. "ಮೀಟಿಂಗು ಯಾವ ವಾರ ಅಣ್ಣ? ಸಂತಿ ದಿನ ಇಟ್ಟಿದ್ರ ನಾ ಬರಾಕಾಗಲ್ಲ ನೋಡು, ಬುಟ್ಟಿ ಯಾರು ನೋಡ್ಕಂತಾರ?" ಅಂದಳು. ಸರಿಯಾದ ಪ್ರಶ್ನೆ. ಮುಂದಿನ ಸಾಮಾನ್ಯ ಸಭೆಯ ದಿನಾಂಕವನ್ನು ನಿಮ್ಮ ನಿಮ್ಮ ಊರಿನ ಕಚೇರಿಗೆ ಹೋಗಿ ಕೇಳಿಕೊಂಡು ಬನ್ನಿ. ಐದೂ ಊರಿನಿಂದ ದರಪಟ್ಟಿಯನ್ನು, ಕೊಟ್ಟ ಹಣವನ್ನು, ಚೀಟಿ ಇದ್ದರೆ ಚೀಟಿಯನ್ನು ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಐದನ್ನೂ ಪಕ್ಕಪಕ್ಕ ಇಟ್ಟು ಅಚ್ಚು ಹಾಕುತ್ತೇವೆ.